ಮೆಂತೆಕಾಳಿನ ಬಗ್ಗೆ ಸಾಕ್ಷಿ ನುಡಿಯುವಾಗ

ಇಂದು ರಾತ್ರಿ ಮಲಗುವ ಮುನ್ನ ಒಂದು ಚಮಚ ಮೆಂತೆಯನ್ನು ಲೋಟದ ನೀರಿಗೆ ಹಾಕಿಡಿ. ಬೆಳಿಗ್ಗೆ ಎದ್ದು ನೋಡುವಾಗ ಕಾಳುಗಳು ಉಬ್ಬಿ ಮೆತ್ತಗಾಗಿರುತ್ತವೆ. ಒಂದನ್ನು ಎತ್ತಿಕೊಂಡು ಎರಡು ಬೆರಳುಗಳ ನಡುವೆ ಹಿಸುಕಿದರೆ ಲೋಳೆಯಂತಹ ಅಂಟು ಕೈಗೆ ಹತ್ತುತ್ತದೆ. ನಿಮ್ಮ ಮನೆಗೆ ಇದು ಹೊಸತೇನಲ್ಲ. ದೋಸೆಯ ಅಕ್ಕಿಯೊಂದಿಗೆ ನಾಲ್ಕು ಕಾಳು ಮೆಂತೆ ಸೇರಿಸುವುದು ಎಲ್ಲರಿಗೂ ಗೊತ್ತಿದೆ. ಸಕ್ಕರೆ ಕಾಯಿಲೆಯಿರುವ ಹಿರಿಯರು ಬರಿಹೊಟ್ಟೆಗೆ ಅದರ ನೀರು ಕುಡಿಯುವುದನ್ನೂ ನೋಡಿದ್ದೇವೆ. ಹೆಚ್ಚಿನವರ ಪಾಲಿಗೆ ಮೆಂತೆಯ ಕತೆ ಅಲ್ಲಿಗೆ ಮುಗಿಯುತ್ತದೆ.

ಆದರೆ ಆ ಅಂಟು ಏನು? ಅದನ್ನು ಕಟ್ಟಿದ್ದು ಯಾವುದು? ಅದನ್ನು ನೋಡಿ ನಾವು ಏನನ್ನು ಹೇಳಬಹುದು, ಏನನ್ನು ಹೇಳಬಾರದು? ಈ ಮೂರನೆಯ ಪ್ರಶ್ನೆಯೇ ಈ ಲೇಖನದ ವಿಷಯ. ಮೊದಲ ಎರಡನ್ನು ದಾಟದೆ ಅಲ್ಲಿಗೆ ತಲುಪಲು ಸಾಧ್ಯವಿಲ್ಲವಾದ್ದರಿಂದ ಓದುಗರು ಸ್ವಲ್ಪ ತಾಳ್ಮೆ ತೋರಬೇಕೆಂದು ವಿನಂತಿ. ನಾನು ವಿಜ್ಞಾನಿಯಲ್ಲ. ಈ ವಿಷಯವನ್ನು ಸರಿಯಾಗಿ ಕಲಿತದ್ದು ಒಂದು ಸಭೆಯಲ್ಲಿ ತಪ್ಪು ಮಾತನಾಡಿ, ನಾಚಿಕೆಪಟ್ಟ ನಂತರ. ಆ ಸಂಗತಿಯನ್ನೂ ಮುಚ್ಚಿಡದೆ ಹೇಳುತ್ತೇನೆ.

ನೆನೆದ ಕಾಳಿನ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ. ಒಳಗೆ ಹಳದಿ ಬಣ್ಣದ ಭ್ರೂಣವಿದೆ. ನಾಳೆ ಗಿಡವಾಗಬೇಕಾದದ್ದು ಅದೇ. ಸಿಪ್ಪೆಗೂ ಭ್ರೂಣಕ್ಕೂ ನಡುವೆ ಗಾಜಿನಂತೆ ಬೆಳಕು ಹಾಯುವ ಒಂದು ಪದರವಿದ್ದು, ಅದು ಭ್ರೂಣವನ್ನು ಸುತ್ತಿಕೊಂಡಿರುತ್ತದೆ. ಅಂಟು ಇರುವುದು ಆ ಪದರದಲ್ಲಿ. ಅದು ಪೂರ್ತಿಯಾಗಿ ಸಕ್ಕರೆಯಿಂದಲೇ ಆದ ವಸ್ತು, ಆದರೂ ನಾಲಿಗೆಗೆ ಸಿಹಿಯಿಲ್ಲ. ರಸಾಯನಶಾಸ್ತ್ರಜ್ಞರು ಅದನ್ನು ಗ್ಯಾಲಕ್ಟೋಮ್ಯಾನನ್ ಎಂದು ಕರೆಯುತ್ತಾರೆ. ಹೆಸರು ಉದ್ದವಾದರೂ ರಚನೆ ಸುಲಭವಾಗಿ ತಿಳಿಯುವಂಥದ್ದು. ಮ್ಯಾನೋಸ್ ಎಂಬ ಸಕ್ಕರೆಯ ಕಣಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸಿದ ಬಹಳ ಉದ್ದದ ಸರವನ್ನು ಊಹಿಸಿಕೊಳ್ಳಿ. ಆ ಸರದ ಮಣಿಗಳಿಗೆ ಪಕ್ಕದಿಂದ ಅಲ್ಲಲ್ಲಿ ಒಂದೊಂದು ಗ್ಯಾಲಕ್ಟೋಸ್ ಕಣ ತೂಗುತ್ತಿರುತ್ತದೆ. ಹಾಲಿನ ಸಕ್ಕರೆಯ ಅರ್ಧಭಾಗವಾಗಿರುವುದೂ ಇದೇ ಗ್ಯಾಲಕ್ಟೋಸ್.

ಮೆಂತೆಯಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಮಣಿಗೂ ಒಂದು ಗ್ಯಾಲಕ್ಟೋಸ್ ತೂಗುತ್ತದೆ. ಗೋರಿಕಾಯಿಯ, ಅಂದರೆ ಉತ್ತರ ಕರ್ನಾಟಕದವರ ಚವಳಿಕಾಯಿಯ ಬೀಜದಲ್ಲಿ ಸುಮಾರು ಎರಡು ಮಣಿಗೆ ಒಂದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಬೆಳೆಯುವ, ಅರಬರು ಖರ್ರೂಬ್ ಎನ್ನುವ ಮರದ ಬೀಜದಲ್ಲಿ ಸುಮಾರು ನಾಲ್ಕಕ್ಕೆ ಒಂದು. ಖರ್ಜೂರದ ಬೀಜದ ಸರದಲ್ಲಿ ಗ್ಯಾಲಕ್ಟೋಸ್ ಬಹುತೇಕ ಇಲ್ಲವೇ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಗುತ್ತದೆ ನೋಡಿ. ಪಕ್ಕದಲ್ಲಿ ತೂಗುವ ಈ ಕಣಗಳು ಸರಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತವೆ. ನಡುವೆ ನೀರು ನುಗ್ಗಲು ದಾರಿಯಾಗುತ್ತದೆ. ಆದ್ದರಿಂದ ಮೆಂತೆಯ ಅಂಟೂ ಗೋರಿಕಾಯಿ ಬೀಜದ ಅಂಟೂ ತಣ್ಣೀರಿನಲ್ಲೇ ಕರಗುತ್ತವೆ. ಖರ್ರೂಬಿನ ಅಂಟು ಪೂರ್ತಿ ಕರಗಬೇಕಾದರೆ ನೀರು ಬಿಸಿಯಾಗಬೇಕು. ಖರ್ಜೂರದ ಬೀಜವನ್ನಂತೂ ಎಷ್ಟು ಹೊತ್ತು ನೆನೆಹಾಕಿದರೂ ಲೋಳೆಯಾಗುವುದಿಲ್ಲ. ಅಲ್ಲಿ ಸರಗಳು ಒತ್ತೊತ್ತಾಗಿ ಕೂಡಿಕೊಂಡು ಕಲ್ಲಿನಂತಾಗಿರುತ್ತವೆ. ಕಾಫಿ ಬೀಜದ ಗಟ್ಟಿತನಕ್ಕೂ ಇದೇ ಬಳಗದ ಸರಗಳು ಕಾರಣ. ರಮಝಾನಿನಲ್ಲಿ ಇಫ್ತಾರಿನ ತಟ್ಟೆಯ ಅಂಚಿಗೆ ನಾವು ಸರಿಸಿಡುವ ಆ ಬೀಜವೂ ಅಡುಗೆಮನೆಯ ಮೆಂತೆಯೂ ಹತ್ತಿರದ ನೆಂಟರೆಂದು ಯಾರು ತಾನೇ ನೆನೆಸಿಯಾರು?

ಈ ಅಂಟಿನಿಂದ ಮೆಂತೆಗೆ ಎರಡು ಪ್ರಯೋಜನಗಳಿವೆ. ಮಣ್ಣಿಗೆ ಬಿದ್ದ ಕಾಳು ನೀರು ಹೀರಿದಾಗ ಹೆಚ್ಚಿನ ನೀರನ್ನು ಹಿಡಿದುಕೊಳ್ಳುವುದು ಈ ಪದರ. ಮಳೆ ಕೈಕೊಟ್ಟು ಮಣ್ಣು ಒಣಗತೊಡಗಿದರೂ ಒಳಗಿನ ಎಳೆ ಭ್ರೂಣ ತಕ್ಷಣ ಬಾಡದಂತೆ ಅದು ಒದ್ದೆ ಬಟ್ಟೆಯ ಹಾಗೆ ಕಾಪಾಡುತ್ತದೆ. ಮೊಳಕೆ ಹೊರಟ ಮೇಲೆ ಅದೇ ಪದರ ಆಹಾರವಾಗುತ್ತದೆ. ಮೊದಲು ನೀರಿನ ಕೊಡ, ಆಮೇಲೆ ಬುತ್ತಿ.

ಇನ್ನು ಕಟ್ಟುವವರ ವಿಷಯ. ಜೀವಕೋಶದೊಳಗೆ ಇಂಥ ಕೆಲಸಗಳನ್ನೆಲ್ಲ ಮಾಡುವುದು ಕಿಣ್ವಗಳು. ಎಂಜೈಮ್ ಎಂದು ಶಾಲೆಯಲ್ಲಿ ಓದಿದ್ದೀರಿ. ಇವು ಪ್ರೋಟೀನುಗಳು, ಒಂದೊಂದು ಕಿಣ್ವಕ್ಕೂ ಒಂದೊಂದು ನಿರ್ದಿಷ್ಟ ಕೆಲಸ. ಮೆಂತೆಯ ಗಿಡದಲ್ಲಿ ಕೋಡು ಬಲಿಯುವ ದಿನಗಳಲ್ಲಿ, ಬೀಜದ ಆ ಪದರದ ಕೋಶಗಳೊಳಗೆ ಎರಡು ಕಿಣ್ವಗಳು ಅಕ್ಕಪಕ್ಕ ಕುಳಿತು ಕೆಲಸ ಮಾಡುತ್ತವೆ. ಮೊದಲನೆಯದು ಮ್ಯಾನೋಸ್ ಮಣಿಗಳನ್ನು ಪೋಣಿಸುತ್ತಾ ಹೋಗುತ್ತದೆ. ಎರಡನೆಯದು ಆಗಷ್ಟೇ ಪೋಣಿಸಿದ ತುದಿಗೆ ಗ್ಯಾಲಕ್ಟೋಸ್ ಕಟ್ಟುತ್ತದೆ. ಸರ ಮುಂದೆ ಸರಿದುಹೋದ ಮೇಲೆ ಹಿಂದೆ ಬಿಟ್ಟ ಮಣಿಗೆ ಮರಳಿ ಹೋಗಿ ಕಟ್ಟುವ ಶಕ್ತಿ ಅದಕ್ಕಿಲ್ಲ. ಸಕ್ಕರೆಯ ಕಣಗಳು ಇವುಗಳ ಬಳಿಗೆ ಒಂಟಿಯಾಗಿ ಬರುವುದಿಲ್ಲ. ಹೊತ್ತು ತರುವ ಬೇರೊಂದು ಅಣುವಿಗೆ ಅಂಟಿಕೊಂಡು ಬರುತ್ತವೆ. ಸಕ್ಕರೆ ಹೊರುವ ಇಂಥ ಅಣುಗಳನ್ನು ಕಂಡುಹಿಡಿದ ಅರ್ಜೆಂಟೀನಾದ ಲೂಯಿಸ್ ಲೆಲೋಯಿರ್‌ಗೆ 1970ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮೆಂತೆಯ ಎರಡನೆಯ ಕಿಣ್ವದ ಜೀನನ್ನು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಗ್ರಾಂಟ್ ರೀಡ್ ಮತ್ತು ಅವರ ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಸರ ಪೋಣಿಸುವ ಮೊದಲ ಕಿಣ್ವದ ಜೀನ್ ಗೋರಿಕಾಯಿಯ ಬೀಜದಿಂದ ಸಿಕ್ಕಿದ್ದು 2004ರಲ್ಲಿ. ಅದನ್ನು ಪ್ರಕಟಿಸಿದ್ದು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಕನ್ವರ್‌ಪಾಲ್ ಧುಗ್ಗಾ ಮತ್ತು ಅವರ ತಂಡ.

ಕಟ್ಟಿದ್ದನ್ನು ಬಿಚ್ಚುವ ಕಿಣ್ವಗಳೂ ಇವೆ. ಕಾಳು ಮೊಳೆಯುವಾಗ ಮೂರು ಕಿಣ್ವಗಳು ಕೆಲಸಕ್ಕಿಳಿಯುತ್ತವೆ. ಒಂದು ಗ್ಯಾಲಕ್ಟೋಸನ್ನು ಕಿತ್ತುಕೊಡುತ್ತದೆ, ಇನ್ನೊಂದು ಸರವನ್ನು ನಡುನಡುವೆ ತುಂಡರಿಸುತ್ತದೆ, ಮೂರನೆಯದು ತುಂಡುಗಳನ್ನು ಬಿಡಿ ಮಣಿಗಳಾಗಿಸುತ್ತದೆ. ಮೆಂತೆಯಲ್ಲಿ ಈ ಮೂರನ್ನೂ ಕಳಿಸಿಕೊಡುವುದು ಸಿಪ್ಪೆಯ ಕೆಳಗಿರುವ ಒಂದು ತೆಳು ಪೊರೆ. ಒಣ ಕಾಳಿನ ಆ ಗಾಜಿನಂಥ ಪದರದಲ್ಲಿ ಜೀವಂತವಾಗಿ ಉಳಿದಿರುವುದು ಆ ಪೊರೆ ಮಾತ್ರ. ಉಳಿದ ಕೋಶಗಳು ಅಂಟನ್ನು ತುಂಬಿಕೊಳ್ಳುತ್ತಾ, ತುಂಬಿಕೊಳ್ಳುತ್ತಾ, ತಮ್ಮ ಜೀವರಸಕ್ಕೇ ಜಾಗವಿಲ್ಲದಂತಾಗಿ ಸತ್ತಿರುತ್ತವೆ.

ಇಲ್ಲಿ ಒಂದು ಮಾತು. ಇದನ್ನು ಬರೆಯುವಾಗ 'ಮುಂದಿನ ಪೀಳಿಗೆಗಾಗಿ ಆ ಕೋಶಗಳ ತ್ಯಾಗ' ಎಂದು ಬರೆಯಲು ನನ್ನ ಲೇಖನಿ ತುಡಿಯಿತು. ನಮ್ಮ ಪತ್ರಿಕೆಗಳಲ್ಲಿ ಇಂಥ ವಾಕ್ಯಗಳು ಧಾರಾಳವಾಗಿ ಬರುತ್ತವೆ. ಆದರೆ ತ್ಯಾಗಕ್ಕೆ ಮನಸ್ಸು ಬೇಕು. ಕೊಡದೆ ಇರುವ ಸ್ವಾತಂತ್ರ್ಯವೂ ಬೇಕು. ತನ್ನ ತಟ್ಟೆಯ ಮೀನನ್ನು ಮಗನ ತಟ್ಟೆಗೆ ಹಾಕಿ 'ನನಗೆ ಹಸಿವಿಲ್ಲ' ಎನ್ನುವ ತಾಯಿಗೆ ಆ ಸ್ವಾತಂತ್ರ್ಯವಿತ್ತು. ಮೆಂತೆಯ ಕೋಶಕ್ಕೆ ಅದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಕೋಶದ ಬೆಲೆ ಏರುವುದಿಲ್ಲ, ತಾಯಿಯ ಬೆಲೆ ಇಳಿಯುತ್ತದೆ.

ಈಗ ನನ್ನ ಸಂಗತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಸಣ್ಣ ಅಧ್ಯಯನ ಕೂಟವೊಂದರಲ್ಲಿ ಮಾತನಾಡುವ ಸರದಿ ನನ್ನದಾಗಿತ್ತು. ವಿಷಯ ಸೃಷ್ಟಿಯಲ್ಲಿರುವ ದೃಷ್ಟಾಂತಗಳು. ಎಲ್ಲೋ ಓದಿದ ಅರ್ಧಂಬರ್ಧ ಮಾಹಿತಿಯನ್ನು ಇಟ್ಟುಕೊಂಡು ಮೆಂತೆಯ ಉದಾಹರಣೆ ಕೊಟ್ಟೆ. 'ಕಣ್ಣಿಲ್ಲದ, ಮೆದುಳಿಲ್ಲದ ಈ ಕಿಣ್ವಕ್ಕೆ ಯಾವ ಮಣಿಗೆ ಕಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಕೊಡುವವರು ಯಾರು? ಪ್ರೋಟೀನಿಗಾದರೂ ಜೀನಿನಲ್ಲಿ ಲಿಪಿಯಿದೆ. ಈ ಸಕ್ಕರೆಯ ಸರಕ್ಕೆ ಯಾವ ಲಿಪಿಯೂ ಇಲ್ಲ. ಜಗತ್ತಿನ ಯಾವ ವಿಜ್ಞಾನಿಗೂ ಇದನ್ನು ವಿವರಿಸಲು ಸಾಧ್ಯವಾಗಿಲ್ಲ, ಸಾಧ್ಯವಾಗುವುದೂ ಇಲ್ಲ' ಎಂದು ಮೇಜು ಕುಟ್ಟಿದೆ. ಸಭೆ ತಲೆದೂಗಿತು. ಮುಂದಿನ ಸಾಲಿನಲ್ಲಿದ್ದ ದಿನಸಿ ಅಂಗಡಿಯ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಮನೆಗೆ ಮರಳುವಾಗ ನನಗೆ ನನ್ನ ಮೇಲೆಯೇ ಬಹಳ ಅಭಿಮಾನವಾಗಿತ್ತು.

ಹೆಂಗಸರ ಸಾಲಿನಲ್ಲಿ ನನ್ನ ತಂಗಿಯ ಮಗಳು ಕುಳಿತಿದ್ದಳು. ಆಗ ಅವಳು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಳು. ಮರುದಿನ ಮನೆಗೆ ಬಂದು, ಚಹಾ ಕುಡಿಯುವ ತನಕ ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ಮಾಮಾ, ಲಿಪಿ ಇಲ್ಲ ಎಂದು ನೀವು ಹೇಳಿದ್ದು ಸರಿ. ವಿವರಣೆ ಇಲ್ಲ ಎಂದದ್ದು ಮಾತ್ರ ಸರಿಯಲ್ಲ."

ಮೇಜಿನ ಮೇಲಿದ್ದ ಮದುವೆ ಕಾಗದದ ಹಿಂಬದಿಯಲ್ಲಿ ಅವಳು ಚಿತ್ರ ಬರೆದು ವಿವರಿಸಿದಳು. ಅದೇ ಸ್ಟರ್ಲಿಂಗ್‌ನ ತಂಡ 1995ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿತ್ತು. ಎರಡನೆಯ ಕಿಣ್ವ ಒಂದು ಮಣಿಗೆ ಗ್ಯಾಲಕ್ಟೋಸ್ ಕಟ್ಟುವ ಸಾಧ್ಯತೆ ಎಷ್ಟು ಎಂಬುದು ಅದರ ಪಕ್ಕದ ಮಣಿಗೂ ಆಚೆಯ ಮಣಿಗೂ ಗ್ಯಾಲಕ್ಟೋಸ್ ಇದೆಯೋ ಇಲ್ಲವೋ ಎಂಬುದನ್ನು ಹೊಂದಿಕೊಂಡಿದೆ. ಮೆಂತೆಯ ಕಿಣ್ವಕ್ಕೆ ಒಂದು ಬಗೆಯ ಒಲವು, ಗೋರಿಕಾಯಿಯ ಕಿಣ್ವಕ್ಕೆ ಇನ್ನೊಂದು. ಯಾವ ಮಣಿಗೆ ಬೀಳುತ್ತದೆ, ಯಾವುದು ತಪ್ಪಿಹೋಗುತ್ತದೆ ಎಂಬುದು ಬಿಡಿಬಿಡಿಯಾಗಿ ನೋಡಿದರೆ ದಾಳ ಎಸೆದಂತೆ. ಆದರೆ ಆ ಒಲವಿನ ಲೆಕ್ಕವನ್ನು ಇಟ್ಟುಕೊಂಡು ಇಡೀ ಸರವನ್ನು ಗಣಿಸಿದರೆ, ಬೀಜದಲ್ಲಿ ನಿಜವಾಗಿ ಸಿಗುವ ಹಂಚಿಕೆಯೇ ಬರುತ್ತದೆ. ತಗಚೆಯ ಬಳಗದ ಒಂದು ಗಿಡದಲ್ಲಿ ಇನ್ನೂ ಒಂದು ಹೆಜ್ಜೆಯಿದೆ: ಬೀಜ ಬಲಿಯುವ ಕೊನೆಯ ಹಂತದಲ್ಲಿ ಮತ್ತೊಂದು ಕಿಣ್ವ ಬಂದು ಕಟ್ಟಿದ ಗ್ಯಾಲಕ್ಟೋಸ್‌ಗಳಲ್ಲಿ ಕೆಲವನ್ನು ಕಿತ್ತುಹಾಕುತ್ತದೆ. ಹಾಗಾಗಿ ಬಲಿತ ಬೀಜದಲ್ಲಿ ಅದರ ಪ್ರಮಾಣ ತಗ್ಗಿರುತ್ತದೆ.

ನನಗೆ ಅರ್ಥವಾಗಲು ಅವಳು ಹೋಟೆಲಿನ ಉದಾಹರಣೆ ಕೊಟ್ಟಳು. ಬಸ್‌ಸ್ಟ್ಯಾಂಡಿನ ಬಳಿಯ ಹೋಟೆಲಿಗೆ ನಾಳೆ ಯಾರು ಬರುತ್ತಾರೆ, ಯಾವ ಮೇಜಿನಲ್ಲಿ ಕೂರುತ್ತಾರೆ ಎಂದು ಯಜಮಾನನಿಗೆ ಗೊತ್ತಿಲ್ಲ. ಆದರೂ ಎಷ್ಟು ಇಡ್ಲಿ ಬೇಯಿಸಬೇಕೆಂದು ಅವನಿಗೆ ಸರಿಯಾಗಿ ಗೊತ್ತು. ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ನಾಲ್ಕೈದಕ್ಕಿಂತ ಹೆಚ್ಚು ಉಳಿದಿರುವುದಿಲ್ಲ. ಯಾರೂ ಬರೆದುಕೊಡದ ಒಂದು ಲೆಕ್ಕ ಅಲ್ಲಿದೆ.

ಕೊನೆಗೆ ಅವಳು ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ. "ಮಾಮಾ, ನಾನು ಪರೀಕ್ಷೆಗೆ ಓದಿದ ವಿಷಯವನ್ನು ನೀವು ಇಲ್ಲವೇ ಇಲ್ಲ ಎಂದಿರಿ, ಅಷ್ಟು ಖಚಿತವಾಗಿ ಹೇಳಿದಿರಿ. ನನಗೆ ಗೊತ್ತಿರುವ ವಿಷಯದಲ್ಲಿ ನಿಮ್ಮ ಮಾತು ಹೀಗಾದರೆ, ನನಗೆ ಗೊತ್ತಿಲ್ಲದ ವಿಷಯದಲ್ಲಿ ನೀವು ಹೇಳುವುದನ್ನು ಹೇಗೆ ನಂಬಲಿ?"

ಓದುಗರೇ, ಪರಲೋಕದ ಬಗ್ಗೆ, ನಮಾಝಿನ ಬಗ್ಗೆ, ಹಲಾಲಿನ ಸಂಪಾದನೆಯ ಬಗ್ಗೆ ಆ ಹುಡುಗಿಗೆ ಬಾಲ್ಯದಿಂದ ಹೇಳಿಕೊಡುತ್ತಾ ಬಂದವನು ನಾನು. ಅದೆಲ್ಲವೂ ಒಂದು ಕ್ಷಣ ಆ ಮದುವೆ ಕಾಗದದ ಮೇಲೆ ತೂಗುತ್ತಿತ್ತು.

ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಮೊದಲು ಬಂದದ್ದು ಸಿಟ್ಟು. 'ಅವರ ಲೆಕ್ಕವೆಲ್ಲ ಊಹೆ ಇರಬೇಕು' ಎನ್ನಲು ನಾಲಿಗೆ ತುದಿಗೆ ಬಂತು. ಆ ಲೆಕ್ಕವನ್ನು ನಾನು ಓದಿಯೇ ಇರಲಿಲ್ಲ. ಅನಂತರ ಬೇರೊಂದು ದಾರಿ ಹೊಳೆಯಿತು: 'ಆಗಲಿ, ಈ ಕಿಣ್ವ ಹೇಗೆ ಹುಟ್ಟಿತು? ಅದನ್ನು ವಿವರಿಸಲಿ ನೋಡೋಣ!' ಅಂದರೆ ಒಂದು ಬಿಲ ಮುಚ್ಚಿದರೆ ಇನ್ನೊಂದು ಬಿಲಕ್ಕೆ ಓಡುವುದು. ಮೂರನೆಯ ಆಮಿಷ ಎಲ್ಲಕ್ಕಿಂತ ಸವಿಯಾಗಿತ್ತು. ಕುರ್‌ಆನಿನ ಆರನೆಯ ಅಧ್ಯಾಯವಾದ ಅಲ್ ಅನ್‌ಆಮ್‌ನ 95ನೇ ಸೂಕ್ತದಲ್ಲಿ ಅಲ್ಲಾಹನನ್ನು ಧಾನ್ಯದ ಕಾಳನ್ನೂ ಖರ್ಜೂರದ ಬೀಜವನ್ನೂ ಸೀಳಿ ಮೊಳೆಸುವವನೆಂದು ವರ್ಣಿಸಲಾಗಿದೆ. ಕಾಳು ಮತ್ತು ಖರ್ಜೂರದ ಬೀಜ! ಮೆಂತೆಯ ಸರ, ಖರ್ಜೂರದ ಸರ! ಹದಿನಾಲ್ಕು ಶತಮಾನಗಳ ಹಿಂದೆಯೇ ಗ್ಯಾಲಕ್ಟೋಮ್ಯಾನನ್ನಿನ ಸೂಚನೆ! ಈ ತಲೆಬರಹವನ್ನು ನಾನು ಕಾಗದದ ಮೇಲೆ ಬರೆದೂ ಬಿಟ್ಟಿದ್ದೆ. ಆಮೇಲೆ ಹೊಡೆದು ಹಾಕಿದೆ. ಆ ಸೂಕ್ತವನ್ನು ಮೊದಲು ಆಲಿಸಿದ ಮಕ್ಕಾದ ಜನರಿಗೆ ಅದು ಅರ್ಥವಾಗಿತ್ತು. ಅವರ ಕಣ್ಣೆದುರು ಬೀಜ ಬಿರಿದು ಹಸಿರು ಹೊರಡುತ್ತಿತ್ತು, ಅದು ಸಾಕಿತ್ತು. ಸೂಕ್ತ ಹೇಳದ ರಸಾಯನಶಾಸ್ತ್ರವನ್ನು ಅದರ ಬಾಯಿಗೆ ತುರುಕುವ ಹಕ್ಕು ನನಗೆ ಯಾರು ಕೊಟ್ಟರು? ತಿಳಿವಳಿಕೆ ಇಲ್ಲದ್ದರ ಬೆನ್ನು ಹತ್ತಬಾರದೆಂದು ಅದೇ ಗ್ರಂಥ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಎಚ್ಚರಿಸುತ್ತದೆ. ಕಿವಿ, ಕಣ್ಣು, ಹೃದಯ ಎಲ್ಲವೂ ವಿಚಾರಣೆಗೆ ಒಳಗಾಗಲಿವೆ ಎಂದೂ ಹೇಳುತ್ತದೆ.

ಹೀಗೆ ಮೋಸಹೋದವರಲ್ಲಿ ನಾನೇ ಮೊದಲಿಗನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ದೊಡ್ಡ ದೊಡ್ಡ ವಿದ್ವಾಂಸರೇ ಹುಳಿ ಬರುವ ಕ್ರಿಯೆ ಜೀವಂತ ಕೋಶದಿಂದ ಮಾತ್ರ ಸಾಧ್ಯವೆಂದು ನಂಬಿದ್ದರು. ಅದರ ಹಿಂದೆ ವಿವರಣೆಗೆ ಸಿಗದ ಒಂದು ಜೀವಶಕ್ತಿಯಿದೆ ಎಂದವರೂ ಇದ್ದರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ ರಸ ತೆಗೆದರು. ಅದರಲ್ಲಿ ಜೀವಂತ ಕೋಶ ಒಂದೂ ಇರಲಿಲ್ಲ. ಸಕ್ಕರೆ ಹಾಕಿದಾಗ ಆ ರಸ ನೊರೆಯುಕ್ಕಿ ಹುಳಿಯಿತು. ಕಿಣ್ವಗಳ ಅಧ್ಯಯನಕ್ಕೆ ದಾರಿ ತೆರೆದದ್ದು ಹೀಗೆ. ಆ ಜೀವಶಕ್ತಿಯಲ್ಲಿ ದೇವನ ಕೈಯನ್ನು ತೋರಿಸುತ್ತಿದ್ದವರು ಅಂದು ಏನು ಮಾಡಿರಬಹುದು?

ಖರ್ರೂಬಿನ ಬೀಜದ ಬಗ್ಗೆಯೂ ಒಂದು ಸೊಗಸಾದ ಕತೆಯಿದೆ. ಚಿನ್ನದಂಗಡಿಯಲ್ಲಿ ನಾವು ಕೇಳುವ ಕ್ಯಾರೆಟ್ ಎಂಬ ಶಬ್ದದ ಮೂಲ ಆ ಬೀಜ. ಅರಬಿಯ ಕೀರಾತ್ ಕೂಡ ಅದೇ. ಎಲ್ಲ ಬೀಜಗಳ ತೂಕವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುವುದರಿಂದ ಹಿಂದಿನವರು ಅದನ್ನು ತಕ್ಕಡಿಗೆ ಬಳಸಿದರು ಎಂದು ನಾನೂ ಎರಡು ಕಡೆ ಭಾಷಣದಲ್ಲಿ ಹೇಳಿದ್ದೇನೆ. 2006ರಲ್ಲಿ ಲಿಂಡ್ಸೆ ಟರ್ನ್‌ಬುಲ್ ಮತ್ತು ಸಂಗಡಿಗರು ಆ ಬೀಜಗಳನ್ನು ನಿಜವಾಗಿ ತೂಗಿ ನೋಡಿದರು. ಬೇರೆ ಗಿಡಮರಗಳ ಬೀಜದಷ್ಟೇ ಏರುಪೇರು ಅದರಲ್ಲೂ ಇತ್ತು. ಶತಮಾನಗಳಿಂದ ಎಲ್ಲರೂ ಹೇಳುತ್ತಿದ್ದರು. ನಾನೂ ತೂಗಿ ನೋಡದೆಯೇ ಹೇಳಿದ್ದೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಮಾದರಿ ಇಲ್ಲವೆಂದಲ್ಲ. ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗನ ಸಾವಿಗೆ ಸೂರ್ಯನೂ ಕಪ್ಪಿಟ್ಟನೆಂದು ಜನರು ಆಡಿಕೊಂಡರು. ಯೋಚಿಸಿ: ಅವರು ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ, ಜನರೇ ಹೇಳುತ್ತಿದ್ದರು. ಮಗನನ್ನು ಕಳಕೊಂಡ ತಂದೆಯ ದುಃಖಕ್ಕೆ ಅದೊಂದು ಸಾಂತ್ವನವೂ ಆಗುತ್ತಿತ್ತು. ಆದರೆ ಅವರು ಎದ್ದು ನಿಂತು, ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದು ಯಾರೊಬ್ಬರ ಸಾವಿಗಾಗಿಯೂ ಅಲ್ಲ, ಹುಟ್ಟಿಗಾಗಿಯೂ ಅಲ್ಲ, ಅವು ಅಲ್ಲಾಹನ ದೃಷ್ಟಾಂತಗಳಲ್ಲಿ ಎರಡು ಮಾತ್ರ ಎಂದು ತಿಳಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿಯಿದೆ. ಬೇಡವೆಂದು ತಳ್ಳಿದ ಆ ಪುರಾವೆ ಯಾರ ಪರವಾಗಿತ್ತು ಎಂಬುದನ್ನು ಗಮನಿಸಿ. ದೃಷ್ಟಾಂತವೆಂಬ ಹೆಸರನ್ನು ಮಾತ್ರ ಅವರು ಗ್ರಹಣಕ್ಕೆ ಉಳಿಸಿಕೊಟ್ಟರು.

ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ(ರ) ತತ್ವಶಾಸ್ತ್ರಜ್ಞರನ್ನು ಖಂಡಿಸಲೆಂದೇ ಬರೆದ ಗ್ರಂಥದ ಆರಂಭದಲ್ಲಿ ಇದೇ ಗ್ರಹಣದ ಮಾತೆತ್ತುತ್ತಾರೆ. ಚಂದ್ರನಿಗೂ ಸೂರ್ಯನಿಗೂ ನಡುವೆ ಭೂಮಿ ಬಂದಾಗ ಚಂದ್ರಗ್ರಹಣವಾಗುತ್ತದೆ ಎಂಬ ಲೆಕ್ಕವನ್ನು ಧರ್ಮದ ಹೆಸರಿನಲ್ಲಿ ವಿರೋಧಿಸುವವನು ಧರ್ಮಕ್ಕೇ ಹಾನಿ ಮಾಡುತ್ತಾನೆ. ಏಕೆಂದರೆ ಆ ಲೆಕ್ಕವನ್ನು ಮಾಡಿ ತಿಳಿದವನು ಲೆಕ್ಕವನ್ನು ಸಂಶಯಿಸುವುದಿಲ್ಲ, ಧರ್ಮವನ್ನು ಸಂಶಯಿಸುತ್ತಾನೆ ಎಂಬುದು ಅವರ ವಾದ. ನನ್ನ ತಂಗಿಯ ಮಗಳು ಗಝ್ಝಾಲಿಯನ್ನು ಓದಿರಲಿಲ್ಲ. ಓದಿದ್ದವನು ನಾನು. ಕಪಾಟಿನಲ್ಲಿ ಆ ಪುಸ್ತಕದ ಅನುವಾದವೂ ಇತ್ತು.

ಮುಂದೆ ಅದೇ ಗ್ರಂಥದಲ್ಲಿ ಅವರು ಬೆಂಕಿ ಮತ್ತು ಹತ್ತಿಯ ಪ್ರಶ್ನೆ ಎತ್ತುತ್ತಾರೆ. ಹತ್ತಿಯನ್ನು ಸುಡುವುದು ಬೆಂಕಿಯೇ? ಅಥವಾ ಬೆಂಕಿ ತಾಗಿದಾಗ ಸುಡುವುದು ಅಲ್ಲಾಹನು ಜಗತ್ತಿನಲ್ಲಿ ನಡೆಸಿಕೊಂಡು ಬಂದ ರೂಢಿಯೇ? ಸ್ಪೇನಿನ ಇಬ್ನು ರುಶ್ದ್ ಇದನ್ನು ಒಪ್ಪಲಿಲ್ಲ. ವಸ್ತುಗಳಿಗೆ ಅವುಗಳದೇ ಆದ ಗುಣವಿಲ್ಲವೆಂದರೆ, ಕಾರಣವನ್ನು ಅಲ್ಲಗಳೆದರೆ, ಬುದ್ಧಿಯನ್ನೇ ಅಲ್ಲಗಳೆದಂತೆ ಎಂದು ಅವರು ಉತ್ತರ ಬರೆದರು. ಇಬ್ಬರೂ ದೇವನಲ್ಲಿ ವಿಶ್ವಾಸವಿಟ್ಟವರು. ಇವರಲ್ಲಿ ಯಾರು ಸರಿ ಎಂಬ ವಾದವನ್ನು ಇಲ್ಲಿ ಬಿಚ್ಚಲಾರೆ. ನನ್ನ ಒಲವು ಇಬ್ನು ರುಶ್ದ್‌ರ ಕಡೆಗೆ ಎಂದಷ್ಟೇ ಹೇಳಬಲ್ಲೆ. ಆದರೆ ಒಂದು ವಿಷಯದಲ್ಲಿ ಇಬ್ಬರಲ್ಲೂ ಭಿನ್ನತೆಯಿಲ್ಲ. ಹತ್ತಿ ಹೇಗೆ ಸುಡುತ್ತದೆ ಎಂದು ಜನರಿಗೆ ಗೊತ್ತಾಗಿಬಿಟ್ಟರೆ ದೇವನಿಗೆ ಕೆಲಸವಿಲ್ಲದಂತಾಗುತ್ತದೆ ಎಂಬ ಭಯ ಅವರಿಬ್ಬರಿಗೂ ಇರಲಿಲ್ಲ.

ಆ ಭಯ ನನಗಿತ್ತು. ಮೆಂತೆಯ ಭಾಷಣದ ಹಿಂದೆ ಇದ್ದದ್ದು ಅದೇ. ವಿವರಣೆ ಸಿಕ್ಕ ಕಡೆಯಿಂದೆಲ್ಲ ಸೃಷ್ಟಿಕರ್ತನು ಹಿಂದೆ ಸರಿಯುತ್ತಾ ಹೋಗುತ್ತಾನೆ, ಆದ್ದರಿಂದ ವಿವರಣೆ ಸಿಗದ ಮೂಲೆಗಳನ್ನು ಹುಡುಕಿ ಕಾವಲು ಕಾಯಬೇಕು ಎಂದು ಒಳಗೊಳಗೇ ಎಣಿಸಿದ್ದೆ. ವಿಶ್ವಾಸವೆಂದು ನಾನು ತಿಳಿದದ್ದರಲ್ಲಿ ಇಂಥ ಅಪನಂಬಿಕೆ ಎಷ್ಟು ಬೆರೆತಿತ್ತೆಂದು ನೆನೆದರೆ ಇಂದಿಗೂ ಮೈ ಬೆವರುತ್ತದೆ.

ಹಾಗಾದರೆ ಮೆಂತೆಕಾಳು ಏನನ್ನೂ ಹೇಳುವುದಿಲ್ಲವೇ? ನೇರವಾಗಿ ಹೇಳುತ್ತೇನೆ: ಅದು ಯಾರನ್ನೂ ಬಲವಂತಪಡಿಸುವುದಿಲ್ಲ. ವಿಶ್ವಾಸವಿಲ್ಲದ ಪ್ರಾಮಾಣಿಕ ವ್ಯಕ್ತಿಯೊಬ್ಬ ಇದೇ ಎರಡು ಕಿಣ್ವಗಳನ್ನು ನೋಡಿ, 'ಕಿಣ್ವದ ಆಕಾರ, ಅಣುಗಳ ಓಡಾಟ, ಬಹಳ ದೀರ್ಘವಾದ ಕಾಲ. ಇಷ್ಟು ಸಾಕು' ಎನ್ನಬಹುದು. ಅವನನ್ನು ಮೂರ್ಖನೆಂದು ಕರೆಯುವ ಅಧಿಕಾರ ನನಗಿಲ್ಲ. ನಾನು ಅದೇ ಕಾಳನ್ನು ನೋಡುವಾಗ ಬೇರೊಂದು ಪ್ರಶ್ನೆ ಏಳುತ್ತದೆ. ಎರಡು ಮಣಿಗಳ ಆಚೆಗೆ ಏನನ್ನೂ ಅರಿಯದ ಒಂದು ಕಿಣ್ವ ಪ್ರತಿಸಲವೂ ದಾಳ ಎಸೆಯುತ್ತಿರುವಾಗಲೂ ಒಟ್ಟು ಲೆಕ್ಕ ತಪ್ಪದ ಜಗತ್ತು ಇದು. ಸ್ಕಾಟ್ಲೆಂಡಿನ ಪ್ರಯೋಗಾಲಯದಲ್ಲೂ ನಮ್ಮ ಹಿತ್ತಿಲಿನಲ್ಲೂ ಒಂದೇ ನಿಯಮ ನಡೆಯುವ ಜಗತ್ತು. ಹೀಗೆ ನಂಬಿಕೆಗೆ ಅರ್ಹವಾದ ಜಗತ್ತು ಏಕಿದೆ? ಕಿಣ್ವದ ವಿವರಣೆ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ, ಮುಟ್ಟಬೇಕೆಂದು ಹೊರಟದ್ದೂ ಅಲ್ಲ. ನನಗೆ ಇದರಲ್ಲಿ ಒಂದು ದೃಷ್ಟಾಂತ ಕಾಣುತ್ತದೆ. ದೃಷ್ಟಾಂತವೆಂದರೆ ದಾರಿಬದಿಯ ಕೈಮರ. ಅದು ಊರಿನ ಕಡೆಗೆ ಬೆರಳು ತೋರಿಸುತ್ತದೆ, ಕುತ್ತಿಗೆ ಹಿಡಿದು ಎಳೆದೊಯ್ಯುವುದಿಲ್ಲ.

ನ್ಯಾಯಾಲಯದಲ್ಲಿ ಸಾಕ್ಷಿಗೆ ನಿಲ್ಲುವವನ ಸ್ಥಿತಿಯನ್ನು ನೆನೆಯಿರಿ. ತನ್ನ ತಮ್ಮನು ನಿರಪರಾಧಿಯೆಂದು ಅವನಿಗೆ ಮನಸಾರೆ ಗೊತ್ತಿದೆ. ಆದರೆ ಆ ರಾತ್ರಿ ತಮ್ಮನನ್ನು ಮನೆಯಲ್ಲಿ ಕಂಡ ನೆನಪು ಅವನಿಗಿಲ್ಲ. 'ಕಂಡೆ' ಎಂದು ಹೇಳಬಹುದೇ? ಸತ್ಯದ ಪರವಾಗಿಯೇ ಹೇಳುತ್ತಿದ್ದೇನೆಂದು ಅವನು ವಾದಿಸಬಹುದು. ಎದುರಿನ ವಕೀಲರು ಒಂದೇ ಪ್ರಶ್ನೆಯಲ್ಲಿ ಆ ಮಾತನ್ನು ಮುರಿದಾಗ ತಮ್ಮನು ನಿಜವಾಗಿ ನಿರಪರಾಧಿ ಎಂಬ ಮಾತೂ ಅದರೊಂದಿಗೆ ಬೀಳುತ್ತದೆ. ಸ್ವತಃ ತಮಗೆ, ತಮ್ಮ ತಂದೆತಾಯಿಗೆ ವಿರುದ್ಧವಾದರೂ ನ್ಯಾಯಕ್ಕಾಗಿ ಸಾಕ್ಷಿ ನಿಲ್ಲಬೇಕೆಂಬ ಆದೇಶವನ್ನು ನಾವು ಆಸ್ತಿಯ ವ್ಯಾಜ್ಯಗಳಿಗೆ ಮಾತ್ರ ಅನ್ವಯಿಸಿಕೊಂಡಿದ್ದೇವೆ. ವೇದಿಕೆಯ ಮೇಲೆ ನಿಂತು ಮಾತನಾಡುವವನಿಗೂ ಅದು ಅನ್ವಯಿಸುವುದಿಲ್ಲವೇ?

ಮರುತಿಂಗಳ ಕೂಟದಲ್ಲಿ ನಾನು ಎದ್ದು ನಿಂತು, ಕಳೆದ ಸಲ ಹೇಳಿದ್ದರಲ್ಲಿ ಇಂತಿಂಥದ್ದು ತಪ್ಪು ಎಂದು ಹೇಳಿದೆ. ಮದುವೆ ಕಾಗದದ ಚಿತ್ರವನ್ನು ಹಲಗೆಯ ಮೇಲೆ ಬರೆದೆ. ಸಭೆಗೆ ಇದು ಹಿಡಿಸಲಿಲ್ಲ. ಇಬ್ಬರು ನಡುವೆಯೇ ಎದ್ದುಹೋದರು. ಕೊನೆಯಲ್ಲಿ ದಿನಸಿ ಅಂಗಡಿಯ ಆ ಹಿರಿಯರು ಕೈ ಎತ್ತಿದರು. "ಹಾಗಾದರೆ ಅಂದು ನಾನು ಅತ್ತದ್ದು ಸುಳ್ಳಿಗೋ?" ಎಂದು ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ; ನೋವಿತ್ತು.

ನನಗೆ ಉತ್ತರ ಹೊಳೆಯಲಿಲ್ಲ. ಮಳೆ ನಿಂತುಹೋದಾಗ ಆ ಪದರ ಎಳೆ ಭ್ರೂಣಕ್ಕೆ ನೀರು ಹಿಡಿದಿಡುವ ಸಂಗತಿಯನ್ನೂ, ಗ್ಯಾಲಕ್ಟೋಸ್ ಇರುವುದರಿಂದಲೇ ಅದು ಸಾಧ್ಯವಾಗುವುದನ್ನೂ ಅವರಿಗೆ ಇನ್ನೊಮ್ಮೆ ನಿಧಾನವಾಗಿ ವಿವರಿಸಿದೆ. ಇದು ನಿಜ, ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ ಎಂದೆ. ಅವರು ಏನೂ ಹೇಳದೆ ಟೋಪಿ ಸರಿಮಾಡಿಕೊಂಡು ಹೊರಟರು.

ಹಲವು ವಾರಗಳ ನಂತರ ಅವರ ಅಂಗಡಿಗೆ ಹೋಗಿದ್ದೆ. ಕಾಲು ಕಿಲೋ ಮೆಂತೆ ಕೇಳಿದೆ. ಡಬ್ಬಿಯಿಂದ ಸುರಿದು, ತೂಗಿ, ಕಾಗದದ ಪೊಟ್ಟಣ ಕಟ್ಟುತ್ತಾ ಅವರು ತಲೆ ಎತ್ತದೆಯೇ ಕೇಳಿದರು: "ಇದು ಹೋದ ವರ್ಷದ ದಾಸ್ತಾನು. ಆ ತೆಳ್ಳಗಿನ ಪೊರೆ ಇದರಲ್ಲಿ ಇನ್ನೂ ಜೀವಂತ ಇರುತ್ತದೋ?"

ಹಳೆಯ ಚಾಳಿ, ಇರುತ್ತದೆ ಎನ್ನಲು ಬಾಯಿ ತೆರೆದಿದ್ದೆ. ತಡೆದುಕೊಂಡು, ತಂಗಿಯ ಮಗಳನ್ನು ಕೇಳುತ್ತೇನೆ ಎಂದೆ.

"ಕೇಳಿಯೇ ಹೇಳಿ," ಎಂದು ಅವರು ಪೊಟ್ಟಣ ಮುಂದೆ ಸರಿಸಿದರು. "ಅವಸರವೇನಿಲ್ಲ. ಅಷ್ಟರೊಳಗೆ ನಾನೂ ನಾಲ್ಕು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡುತ್ತೇನೆ."